ಸಕ್ಕರೆ ಬೇಡ, ಕೆಫೀನ್ ಬೇಡ, ಆದರೆ ಗಂಟಲಿಗೆ ಚುರುಕ್ ಅನ್ನಬೇಕು: ಸೋಡಾ ಬದಲು ಮನೆಯಲ್ಲಿ ಏನು ಮಾಡುತ್ತೀರಿ?

ನಾಲ್ಕನೇ ಮಹಡಿ
ಎಲ್ಲರಿಗೂ ನಮಸ್ಕಾರ. ಬಿಸಿಲು ಏರುವ ಮೊದಲೇ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾವನವರಿಗೆ ಶುಗರ್ ಇದೆ. ಈಚೆಗೆ ಎದೆ ಡವಗುಟ್ಟುತ್ತದೆ ಅಂತ ಡಾಕ್ಟರು ಕಾಫಿ, ಟೀ ಎರಡನ್ನೂ ಬಿಡಿಸಿದ್ದಾರೆ. ಮಗ ಒಂಬತ್ತನೇ ಕ್ಲಾಸು. ಟ್ಯೂಷನ್ನಿಂದ ಬಂದವನೇ ಫ್ರಿಜ್ ತೆಗೆದು ಕೋಲಾ ಬಾಟಲಿಗೆ ಕೈ ಹಾಕುತ್ತಾನೆ. ಬೇಡ ಅಂದರೆ ಅಂಗಡಿಗೆ ಹೋಗಿ ಕುಡಿದು ಬರುತ್ತಾನೆ.

ಇಬ್ಬರಿಗೂ ಆಗುವಂಥ ತಣ್ಣನೆಯದು ಏನಾದರೂ ಬೇಕು. ಸಕ್ಕರೆ ಇರಬಾರದು, ಕೆಫೀನ್ ಇರಬಾರದು. ಮಗನಿಗೆ ಕುಡಿದಾಗ ಗಂಟಲಿಗೆ ಚುರುಕ್ ಅನ್ನಬೇಕು, ಇಲ್ಲದಿದ್ದರೆ ಲೋಟ ಪಕ್ಕಕ್ಕಿಡುತ್ತಾನೆ. ಬೆಳಿಗ್ಗೆ ಏಳೂವರೆಗೆ ನಾನು ಕೆಲಸಕ್ಕೆ ಹೊರಡಬೇಕು. ಹಾಗಾಗಿ ರಾತ್ರಿಯೇ ಮಾಡಿಡುವಂಥದ್ದಾದರೆ ಇನ್ನೂ ಒಳ್ಳೆಯದು. ಪಾನಕ, ಶರಬತ್ತು ಹೇಳಬೇಡಿ ದಯವಿಟ್ಟು.

ತುಂಗಾತೀರ
ಮಜ್ಜಿಗೆ. ಇನ್ನೇನು ಹೇಳೋದು?

ಘಟ್ಟದ ಮೇಲೆ
ಅಪ್ಪೆಹುಳಿ ಮಾಡಿ ಅಕ್ಕಾ. ನಮ್ಮ ಶಿರಸಿ ಕಡೆ ಬೇಸಿಗೆಯ ಊಟ ಅಂದರೆ ಅದೇ. ಹುಳಿ ಜಾಸ್ತಿ ಇರುವ ಮಾವಿನಕಾಯಿ ಬೇಯಿಸಿ, ಆರಿದ ಮೇಲೆ ಕೈಯಲ್ಲೇ ಕಿವುಚಿ, ಗೊರಟು ಸಿಪ್ಪೆ ತೆಗೆದು ಧಾರಾಳ ನೀರು ಹಾಕಿ. ಉಪ್ಪು, ಜಜ್ಜಿದ ಸೂಜಿಮೆಣಸು. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸು, ಕರಿಬೇವಿನ ಒಗ್ಗರಣೆ. ನೀರಿನ ಹಾಗೆ ತೆಳ್ಳಗಿರಬೇಕು. ದಪ್ಪ ಆದರೆ ಅದು ಗೊಜ್ಜು. ಕೆಲವರು ಚೂರು ಬೆಲ್ಲ ಹಾಕುತ್ತಾರೆ, ನೀವು ಬಿಡಿ. ಬೆಲ್ಲ ಇಲ್ಲದಿದ್ದರೂ ಏನೂ ಕಡಿಮೆಯಾಗಲ್ಲ.

ಬೇಯಿಸಿ ಕಿವುಚಿದ ತಿರುಳನ್ನು ಉಪ್ಪು ಬೆರೆಸಿ ಐಸ್ ಟ್ರೇಯಲ್ಲಿ ಇಟ್ಟುಕೊಳ್ಳಿ. ಬೇಕಾದಾಗ ಎರಡು ಗಡ್ಡೆ ತೆಗೆದು ನೀರಿಗೆ ಹಾಕಿದರೆ ಆಯಿತು. ಒಗ್ಗರಣೆ ಮಾತ್ರ ಆಗಿಂದಾಗ ಕೊಡಬೇಕು.

ಮಧ್ಯಾಹ್ನ ಎರಡು ಲೋಟ ಏರಿಸಿದರೆ ಒಳ್ಳೆ ನಿದ್ದೆ ಬರುತ್ತೆ ಅಂತ ನಮ್ಮಲ್ಲಿ ಹೇಳುತ್ತಾರೆ. ಮಾವನವರಿಗೆ ಅದೂ ಬೇಕಾಗಬಹುದು.

ನಾಲ್ಕನೇ ಮಹಡಿ
ಮಾವಿನಕಾಯಿಯದು ಖಂಡಿತ ಮಾಡುತ್ತೇನೆ. ಮಜ್ಜಿಗೆ ಮಾವನವರಿಗೆ ದಿನಾ ಕೊಡುತ್ತೇನೆ. ಮಗ ಮುಟ್ಟಲ್ಲ. ಅವನಿಗೆ ಗ್ಯಾಸ್ ಇರಬೇಕು, ಗುಳ್ಳೆ ಏಳಬೇಕು.

ಗೋಲಿ ಬಾಟಲ್
ಗುಳ್ಳೆ ವಿಷಯ ನನಗೆ ಬಿಡಿ. ನಮ್ಮ ತಾತನದು ಗೋಲಿ ಸೋಡಾ ಅಂಗಡಿ. ಸೋಡಾ ಅಂದ ಕೂಡಲೇ ಎಲ್ಲರೂ ಸಕ್ಕರೆ ನೆನೆಯುತ್ತಾರೆ. ಬರೀ ಸೋಡಾದಲ್ಲಿ ಇರೋದು ನೀರು, ಇಂಗಾಲದ ಡೈಆಕ್ಸೈಡ್, ಅಷ್ಟೇ. ಸಕ್ಕರೆಯೂ ಇಲ್ಲ, ಕೆಫೀನೂ ಇಲ್ಲ. ನಿಮ್ಮ ಮಗನಿಗೆ ಬೇಕಾದ ಚುರುಕು ಅದರಲ್ಲೇ ಇದೆ. ಕೋಲಾ ಕಂಪನಿ ಅದಕ್ಕೆ ಸಕ್ಕರೆ ಬೆರೆಸಿ ಮಾರುತ್ತೆ, ನಾವು ನಿಂಬೆ ಉಪ್ಪು ಬೆರೆಸೋಣ.

ಮನೆಯಲ್ಲಿ ಮಾಡುವ ಸೋಡಾ ಮೇಕರ್ ಸಿಗುತ್ತೆ, ಇಲ್ಲದಿದ್ದರೆ ಸಾದಾ ಸೋಡಾ ಬಾಟಲಿ ತನ್ನಿ. ಮೇಕರ್ ಆದರೆ ನೀರನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡಿ, ಆಮೇಲೆ ಗ್ಯಾಸ್ ತುಂಬಿ. ಹೆಚ್ಚುಕಡಿಮೆ ಐಸ್ ಆಗುವಷ್ಟು ತಣ್ಣಗಿನ ನೀರು 25 ಡಿಗ್ರಿ ನೀರಿಗಿಂತ ಎರಡು ಪಟ್ಟು ಗ್ಯಾಸ್ ಹಿಡಿದುಕೊಳ್ಳುತ್ತೆ. ನಲ್ಲಿ ನೀರಿಗೆ ತುಂಬಿ ಆಮೇಲೆ ಐಸ್ ಹಾಕಿದರೆ ಎಲ್ಲಾ ಹಾರಿಹೋಗುತ್ತೆ. ಬರೀ ನೀರಿಗೆ ಮಾತ್ರ ತುಂಬಿ, ರಸ ಬೆರೆಸಿ ತುಂಬಿದರೆ ಉಕ್ಕಿ ಬರುತ್ತೆ.

ಇನ್ನೊಂದು. ಲೋಟದಲ್ಲಿ ಸೋಡಾ ಇರುವಾಗ ಮೇಲಿಂದ ಉಪ್ಪು ಉದುರಿಸಬೇಡಿ. ಉಪ್ಪಿನ ಹರಳು ಬಿದ್ದ ಕಡೆಯೆಲ್ಲಾ ಗುಳ್ಳೆ ಎದ್ದು ನೊರೆ ಆಚೆ ಚೆಲ್ಲುತ್ತೆ, ಉಳಿದದ್ದು ಸಪ್ಪೆ. ತಳದಲ್ಲಿ ನಿಂಬೆರಸ, ಉಪ್ಪು, ಜಜ್ಜಿದ ಶುಂಠಿಯ ರಸ, ಎರಡು ಚಮಚ ನೀರು ಹಾಕಿ ಉಪ್ಪು ಪೂರ್ತಿ ಕರಗಿಸಿ. ಆಮೇಲೆ ಲೋಟ ಓರೆ ಮಾಡಿ ಸೋಡಾ ನಿಧಾನವಾಗಿ ಬಿಡಿ. ಕಲಕಬೇಡಿ. ಅಂಗಡಿಯಲ್ಲಿ ತಾತ ಚಮಚ ಮುಟ್ಟುತ್ತಲೇ ಇರಲಿಲ್ಲ.

ಮೈಸೂರು ಮಲ್ಲಿಗೆ ಹೂ
ಗೋಲಿ ಸೋಡಾದಲ್ಲಿ ಆ ಗೋಲಿ ಒಳಗೆ ಹೇಗೆ ನಿಲ್ಲುತ್ತೆ ಸರ್? ಚಿಕ್ಕಂದಿನಿಂದ ಇರುವ ಪ್ರಶ್ನೆ.

ಗೋಲಿ ಬಾಟಲ್
ಬಾಟಲಿ ಕುತ್ತಿಗೆಯಲ್ಲಿ ಒಳಗಡೆ ಒಂದು ರಬ್ಬರ್ ಬಳೆ ಇರುತ್ತೆ ಮೇಡಂ. ಬಾಟಲಿಗಳನ್ನು ಮೆಷಿನ್ನಿಗೆ ಸಿಕ್ಕಿಸಿ ತಲೆಕೆಳಗು ಮಾಡಿ ತಿರುಗಿಸುತ್ತಾರೆ. ಗೋಲಿ ಬಾಯಿಯ ಕಡೆ ಜಾರುತ್ತೆ, ಒಳಗಿನ ಗ್ಯಾಸ್ ಒತ್ತಡ ಅದನ್ನು ರಬ್ಬರಿಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತೆ. ಮುಚ್ಚಳ ಬೇಡವೇ ಬೇಡ. ಹಿರಾಮ್ ಕಾಡ್ ಅನ್ನುವ ಇಂಗ್ಲಿಷಿನವನು 1872ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಹೆಬ್ಬೆರಳಲ್ಲಿ ಒತ್ತಿದಾಗ ಟಪ್ ಅನ್ನೋದು ಆ ಒತ್ತಡ ಬಿಟ್ಟ ಸದ್ದು.

ದುಡ್ಡು ಉಳಿಸಿ
ಮೇಕರ್ ಯಾಕೆ? ಅಡುಗೆ ಸೋಡಾ ಒಂದು ಚಮಚ, ನಿಂಬೆರಸ, ನೀರು. ಬುಸ್ ಅಂತ ಬರುತ್ತೆ. ಖರ್ಚೂ ಇಲ್ಲ.

ಪಥ್ಯದ ಪುಟ
ದಯವಿಟ್ಟು ಇದನ್ನು ದಿನಾ ಮಾಡಬೇಡಿ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,200 ಮಿಲಿಗ್ರಾಂಗಿಂತ ಜಾಸ್ತಿ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿಯೇ 2,000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಒಂದೇ ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದುಹೋಯಿತು. ಅಸಿಡಿಟಿಗೆ ಅಂತ ಕುಡಿಯುವ ನೊರೆ ಪುಡಿಗಳಿಗೂ ಇದೇ ಮಾತು, ಅವು ಔಷಧಿ, ಪಾನೀಯ ಅಲ್ಲ. ಗ್ಯಾಸ್ ತುಂಬಿದ ನೀರಿನಲ್ಲಿ ಈ ತೊಂದರೆ ಇಲ್ಲ. ಬಾಟಲಿ ಸೋಡಾ ಕೊಂಡರೆ ಲೇಬಲ್ಲಿನಲ್ಲಿ ಸೋಡಿಯಂ ಎಷ್ಟಿದೆ ನೋಡಿ, ಕೆಲವದರಲ್ಲಿ ಸೇರಿಸಿರುತ್ತಾರೆ.

ಬಿಸಿಲೂರಿನವ
ನಮ್ಮ ರಾಯಚೂರಿಗೆ ಬನ್ರೀ, ಸೋಡಾ ಗೀಡಾ ಎಲ್ಲಾ ಮರೆತು ಹರವಿ (ಮಣ್ಣಿನ ಮಡಕೆ) ನೀರು ಕೇಳುತ್ತೀರಿ. ಬೇಸಿಗೆಯಲ್ಲಿ 42, 43 ಡಿಗ್ರಿ. ನಮ್ಮಲ್ಲಿ ಜೋಳದ ನುಚ್ಚು ಬೇಯಿಸಿ ಆರಿಸಿ, ಅದಕ್ಕೆ ಮಜ್ಜಿಗೆ ಕಲಸಿ, ಹಸಿ ಉಳ್ಳಾಗಡ್ಡಿ ಕಡಿಯುತ್ತಾ ಕುಡಿಯೋದು. ಹೊಲಕ್ಕೆ ಹೋಗುವವರು ಹೊಟ್ಟೆಗೆ ಇದನ್ನೇ ಹಾಕಿಕೊಂಡು ಹೋಗುತ್ತಾರೆ. ಹೊಟ್ಟೆಯೂ ತುಂಬುತ್ತದೆ, ದಾಹವೂ ಹೋಗುತ್ತದೆ.

ರಾಗಿ ಮುದ್ದೆ
ಜೋಳಕ್ಕಿಂತ ರಾಗಿ ಅಂಬಲಿ ತಂಪು. ರಾತ್ರಿ ಹಿಟ್ಟನ್ನು ನೀರಲ್ಲಿ ಕಲಸಿ ಮುಚ್ಚಿಡಿ. ಬೆಳಿಗ್ಗೆ ಹುಳಿ ವಾಸನೆ ಬಂದಿರುತ್ತೆ. ಆಗ ಗಂಟಿಲ್ಲದ ಹಾಗೆ ಕಾಯಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಬೇಗ ಮಾಡಬೇಕಾದವರಿಗೆ ಇದಕ್ಕಿಂತ ಸುಲಭ ಇಲ್ಲ.

ಬಿಸಿಲೂರಿನವ
ತಂಪು ಗಿಂಪು ಅವರವರ ಊರಿಗೆ ಬಿಟ್ಟದ್ದು ಅಣ್ಣಾ.

ಹೇಮಾವತಿ ದಂಡೆ
ನಮ್ಮ ಮನೆಯಲ್ಲಿ ಹಾಗಲ್ಲ. ರಾತ್ರಿಯೇ ಕಾಯಿಸಿ ಮಣ್ಣಿನ ಮಡಕೆಯಲ್ಲಿ ಬಿಡುತ್ತೇವೆ. ಬೆಳಿಗ್ಗೆ ಅದೇ ಹುಳಿ ಬಂದಿರುತ್ತೆ, ಮಜ್ಜಿಗೆ ಬೆರೆಸಿದರೆ ಮುಗಿಯಿತು. ಬೆಳಿಗ್ಗೆ ಒಲೆ ಹಚ್ಚುವ ಕೆಲಸವೇ ಇಲ್ಲ. ನಾಲ್ಕನೇ ಮಹಡಿ ಮೇಡಂಗೆ ಇದೇ ಸರಿ.

ರಾಗಿ ಮುದ್ದೆ
ಹಿಟ್ಟು ಹುಳಿ ಬಂದ ಮೇಲೆ ಬೆಂದರೆ ಬರುವ ರುಚಿಯೇ ಬೇರೆ. ಕಾಯಿಸಿ ಇಟ್ಟದ್ದು ಬೆಳಿಗ್ಗೆ ಗಟ್ಟಿಯಾಗಿ ಕೂತಿರುತ್ತೆ.

ಹೇಮಾವತಿ ದಂಡೆ
ತೆಳ್ಳಗೆ ಕಾಯಿಸಿದರೆ ಯಾಕೆ ಗಟ್ಟಿಯಾಗುತ್ತೆ? ಒಂದು ಲೋಟ ನೀರಿಗೆ ಒಂದೇ ಚಮಚ ಹಿಟ್ಟು.

ಪಥ್ಯದ ಪುಟ
ಎರಡು ರೀತಿಯೂ ನಡೆಯುತ್ತದೆ, ಅದಕ್ಕೆ ಜಗಳ ಬೇಡ. ನನಗೆ ಹೇಳಬೇಕಾದ್ದು ಬೇರೆ ಇದೆ. ಅಂಬಲಿಯಲ್ಲಿ ಸಕ್ಕರೆ ಹಾಕಿಲ್ಲ ಅಂದ ಮಾತ್ರಕ್ಕೆ ಶುಗರ್ ಏರಲ್ಲ ಅಂತ ಅಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಅದರಲ್ಲಿ ಬಹುಪಾಲು ಪಿಷ್ಟವೇ. ಹಿಟ್ಟನ್ನು ನುಣ್ಣಗೆ ಮಾಡಿ ತೆಳ್ಳಗೆ ಬೇಯಿಸಿದಾಗ ಅದು ಬೇಗ ಜೀರ್ಣವಾಗುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ. ಮುದ್ದೆ ಉಂಡು ಮೇಲೆ ದೊಡ್ಡ ಲೋಟ ಅಂಬಲಿ ಕುಡಿದರೆ ಎರಡು ಸಲ ಊಟ ಮಾಡಿದ ಲೆಕ್ಕ. ಹಿರಿಯರಿಗೆ ಕೊಡುವಾಗ ಅದನ್ನು ಊಟದ ಭಾಗ ಅಂತಲೇ ಎಣಿಸಿ. ಗ್ಲುಕೋಮೀಟರ್ ಇದ್ದರೆ ಕುಡಿದ ಎರಡು ಗಂಟೆ ನಂತರ ಒಂದು ಸಲ ನೋಡಿ, ಅವರ ಮೈಗೆ ಹೇಗೆ ಅಂತ ಅದೇ ಹೇಳುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಬಿಡಬೇಕಾಗಿಲ್ಲ. ಬೆಳೆಯುವ ಹುಡುಗನಿಗಂತೂ ಧಾರಾಳವಾಗಿ ಕೊಡಿ.

ಮಂಡ್ಯದ ಗಾಣ
ಎಲ್ಲಾ ಸರಿ, ಆದರೆ ಬೆಲ್ಲವನ್ನು ಯಾಕೆ ದೂರ ಇಡುತ್ತೀರಿ? ರಾಸಾಯನಿಕ ಹಾಕದ ಬೆಲ್ಲದ ಪಾನಕಕ್ಕೆ ಶುಗರ್ ಏರಲ್ಲ. ನಮ್ಮ ಹಿರಿಯರು ಅದನ್ನೇ ಕುಡಿದು ಬಾಳಿದರು. ಬೆಲ್ಲದಲ್ಲಿ ಕಬ್ಬಿಣ ಇದೆ.

ಪಥ್ಯದ ಪುಟ
ಏರುತ್ತದೆ ಸರ್. ಬೆಲ್ಲದ ಬಹುಪಾಲು ಸುಕ್ರೋಸ್, ಸಕ್ಕರೆಯಲ್ಲಿ ಇರುವುದೂ ಅದೇ. ಕಲ್ಲುಸಕ್ಕರೆ ಅಂತೂ ಪೂರ್ತಿ ಸಕ್ಕರೆ. ಜೇನುತುಪ್ಪ, ಖರ್ಜೂರದ ಪಾಕ, ಎಲ್ಲವೂ ಅದೇ ದಾರಿ. ಬೆಲ್ಲದಲ್ಲಿ ಸ್ವಲ್ಪ ಖನಿಜ ಇರುವುದು ನಿಜ. ಕಬ್ಬಿಣ ಬೇಕು ಅಂದರೆ ಸೊಪ್ಪು, ಕಾಳು ತಿನ್ನೋಣ.

ಮಂಡ್ಯದ ಗಾಣ
ಹಾಗಾದರೆ ರಾಮನವಮಿಗೆ ಪಾನಕ ಕೊಡೋದು ತಪ್ಪಾ?

ಪಥ್ಯದ ಪುಟ
ಖಂಡಿತ ಅಲ್ಲ. ಹಬ್ಬಕ್ಕೆ ಒಂದು ಲೋಟ ಯಾರಿಗೆ ಏನು ಮಾಡುತ್ತದೆ? ದಿನಾ ಕುಡಿಯುವುದರ ಬಗ್ಗೆ ನಾನು ಹೇಳಿದ್ದು. ಶುಗರ್ ಇರುವವರಿಗೆ ಅದೇ ಪೆಂಡಾಲಿನಲ್ಲಿ ಪಕ್ಕದ ಹಂಡೆಯಲ್ಲಿ ನೀರುಮಜ್ಜಿಗೆ ಇರುತ್ತದಲ್ಲ.

ಮೈಸೂರು ಮಲ್ಲಿಗೆ ಹೂ
ಆ ನೀರುಮಜ್ಜಿಗೆಯ ರುಚಿ ಮನೆಯಲ್ಲಿ ಯಾಕೆ ಬರಲ್ಲವೋ! ಶುಂಠಿ, ಹಸಿಮೆಣಸು, ಕೊತ್ತಂಬರಿ, ಎಲ್ಲಾ ಹಾಕಿದರೂ ಅದು ಬೇರೆಯೇ.

ತುಂಗಾತೀರ
ಮಿಕ್ಸಿಗೆ ಹಾಕುತ್ತೀರಾ? ಅದೇ ಕಾರಣ ಇರಬಹುದು. ಶುಂಠಿ, ಮೆಣಸು, ಕರಿಬೇವನ್ನು ಕುಟ್ಟಾಣಿಯಲ್ಲಿ ಉಪ್ಪಿನ ಜೊತೆ ಜಜ್ಜಬೇಕು. ಮೊಸರನ್ನು ಕಡೆಗೋಲಲ್ಲಿ ಕಡೆದು ಬೆಣ್ಣೆ ತೆಗೆಯಬೇಕು. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು. ಜಜ್ಜಿದ್ದನ್ನು ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಸೋಸಿ. ಇಂಗನ್ನು ಒಂದು ಚೂರು ನೀರಲ್ಲಿ ಕರಗಿಸಿ ಕೊನೆಗೆ. ಸಿಹಿ ಮೊಸರು ಬೇಡ, ಚೆನ್ನಾಗಿ ಹುಳಿ ಬಂದಿರಬೇಕು.

ಹಿತ್ತಲ ಗಿಡ
ಇದಕ್ಕೇ ಒಂದು ನೆಲ್ಲಿಕಾಯಿ ಜಜ್ಜಿ ಹಾಕಿ ನೋಡಿ. ದೊಡ್ಡಪತ್ರೆ ತಂಬುಳಿಯನ್ನೂ ತೆಳ್ಳಗೆ ಮಾಡಿ ಕುಡಿಯಬಹುದು. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ. ಒಂದೆಲಗದ್ದೂ ಹೀಗೇ. ಬಾಲ್ಕನಿಯ ಒಂದು ಕುಂಡದಲ್ಲಿ ದೊಡ್ಡಪತ್ರೆ ಎಷ್ಟು ಬೇಕಾದರೂ ಬರುತ್ತೆ, ಕಡ್ಡಿ ಮುರಿದು ನೆಟ್ಟರೆ ಸಾಕು.

ಕಡಲ ಬದಿ
ಇಷ್ಟು ಹೊತ್ತಾದರೂ ಯಾರೂ ಪುನರ್ಪುಳಿ ಹೇಳಲಿಲ್ಲವಲ್ಲ ಮಾರಾಯ್ರೆ! ಹುಡುಗನಿಗೆ ಬಣ್ಣ ಬೇಕು, ಹುಳಿ ಬೇಕು ಅಂದರೆ ಇದಕ್ಕಿಂತ ಬೇರೆ ಎಂತ ಬೇಕು? ಘಟ್ಟದವರು ಮುರುಗಲು ಅಂತಾರೆ, ಅಂಗಡಿಯಲ್ಲಿ ಕೋಕಂ ಅಂತಾರೆ, ಅದೇ ಹುಳಿ ಹಣ್ಣು.

ಒಣ ಸಿಪ್ಪೆ ಒಂದು ಹಿಡಿ, ಎರಡು ಲೋಟ ನೀರು, ರಾತ್ರಿ ನೆನೆಸಿಡಿ. ಬೆಳಿಗ್ಗೆ ಕಿವುಚಿ ಸೋಸಿದರೆ ಗಾಢ ಕೆಂಪು ರಸ. ಉಪ್ಪು, ಹುರಿದ ಜೀರಿಗೆ ಪುಡಿ, ಉದ್ದಕ್ಕೆ ಸೀಳಿದ ಹಸಿಮೆಣಸು ಒಂದು. ಕಾಲು ಲೋಟ ಈ ರಸಕ್ಕೆ ಮುಕ್ಕಾಲು ಲೋಟ ಗೋಲಿ ಬಾಟಲ್ ಅವರ ಸೋಡಾ ಬಿಡಿ. ಮೇಲೆ ಗುಲಾಬಿ ನೊರೆ ನಿಲ್ಲುತ್ತದೆ. ಒಂದು ಸಲ ಆ ಲೋಟ ಹುಡುಗನ ಕೈಗೆ ಕೊಟ್ಟು ನೋಡಿ.

ಒಂದೇ ಎಚ್ಚರಿಕೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಕೋಕಂ ಸಿರಪ್ ತರಬೇಡಿ, ಅದರಲ್ಲಿ ಹಣ್ಣಿಗಿಂತ ಸಕ್ಕರೆ ಜಾಸ್ತಿ. ಸಿಪ್ಪೆಯೇ ತನ್ನಿ. ಒಳ್ಳೆಯ ಸಿಪ್ಪೆ ಕಪ್ಪುಗೆಂಪಾಗಿ, ಸ್ವಲ್ಪ ಮೆತ್ತಗೆ, ಅಂಟಂಟಾಗಿ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಬಂದಾಗ ಸಿಪ್ಪೆ ಬಿಡಿಸಿ, ಒಳಗಿನ ರಸಕ್ಕೆ ಉಪ್ಪು ಬೆರೆಸಿ ಅದರಲ್ಲೇ ಅದ್ದಿ ಒಣಗಿಸುತ್ತಾರೆ. ಒಣಗಿದ ಮೇಲೆ ಮತ್ತೆ ಅದ್ದಿ ಮತ್ತೆ ಬಿಸಿಲಿಗೆ. ಹಾಗೆ ಮಾಡಿದ್ದಕ್ಕೇ ಆ ಬಣ್ಣ, ಆ ಹುಳಿ. ಸಿಪ್ಪೆಯಲ್ಲೇ ಉಪ್ಪು ಇರುವುದರಿಂದ ರುಚಿ ನೋಡಿ ಆಮೇಲೆ ಉಪ್ಪು ಹಾಕಿ. ಬರೇ ಒಣಗಿ ಕಡ್ಡಿಯಂತಾದ ಸಿಪ್ಪೆ ಬಣ್ಣ ಬಿಡುವುದಿಲ್ಲ.

ಘಟ್ಟದ ಮೇಲೆ
ಹೌದು ಹೌದು, ಮುರುಗಲು. ಅದರ ಬೀಜ ಎಸೆಯಬೇಡಿ ಅಂತ ಹೇಳಲು ಬಂದೆ. ಬೀಜದಿಂದ ತುಪ್ಪ ತೆಗೆಯುತ್ತೇವೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದಾಗ ಮುರುಗಲು ತುಪ್ಪ ಹಚ್ಚಿದರೆ ಮುಲಾಮೇ ಬೇಡ.

ಕಡಲ ಬದಿ
ಅಲ್ವಾ! ನಮ್ಮ ಅಜ್ಜಿ ಅದನ್ನು ಉಂಡೆ ಕಟ್ಟಿ ಇಡುತ್ತಿದ್ದರು.

ಹಿತ್ತಲ ಗಿಡ
ಒಂದು ಮಾತು, ಈ ಹುಳಿ ರಸಗಳನ್ನೆಲ್ಲಾ ತಾಮ್ರದ ಚೊಂಬಲ್ಲೋ ಅಲ್ಯೂಮಿನಿಯಂ ಪಾತ್ರೆಯಲ್ಲೋ ನೆನೆಸಬೇಡಿ. ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ. ಹುಳಿಗೆ ಲೋಹ ಬಿಡುತ್ತೆ. ಗಾಜು, ಸ್ಟೀಲು, ಮಣ್ಣು, ಪಿಂಗಾಣಿ ಸರಿ. ಮಜ್ಜಿಗೆಗೂ ಇದೇ.

ಅಮೆರಿಕದಲ್ಲಿ ಅಕ್ಕಿರೊಟ್ಟಿ
ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಇಲ್ಲಿ ಮಕ್ಕಳ ಬರ್ತ್‌ಡೇ ಪಾರ್ಟಿಗೆ ಹೋದರೆ ಬರೀ ಸೋಡಾ ಕ್ಯಾನುಗಳು. ನಾನು ಸಿಹಿ ಇಲ್ಲದ ಸ್ಪಾರ್ಕ್ಲಿಂಗ್ ವಾಟರ್ ಪೆಟ್ಟಿಗೆ ತಂದಿಡುತ್ತೇನೆ. ಇಂಡಿಯನ್ ಅಂಗಡಿಯಲ್ಲಿ ಒಣ ಕೋಕಂ ಸಿಗುತ್ತೆ. ಶಂಖಪುಷ್ಪವನ್ನು ಬಿಸಿನೀರಲ್ಲಿ ನೆನೆಸಿ ನೀಲಿ ನೀರು ಮಾಡಿ, ಮಕ್ಕಳ ಮುಂದೆಯೇ ನಿಂಬೆರಸ ಹಿಂಡುತ್ತೇನೆ. ನೇರಳೆ ಬಣ್ಣಕ್ಕೆ ತಿರುಗಿದಾಗ ಎಲ್ಲರೂ ಲೋಟ ಚಾಚುತ್ತಾರೆ. ಆ ಹೂವಲ್ಲಿ ಕೆಫೀನ್ ಇಲ್ಲ.

ಇಲ್ಲಿಯ ನನ್ನ ಗೆಳತಿಯರು ಕೊಂಬುಚಾ ಮಾಡುತ್ತಾರೆ. ಅದೂ ಗುಳ್ಳೆ ಬರುತ್ತೆ. ಇದಕ್ಕೆ ಆಗುತ್ತಾ?

ಪಥ್ಯದ ಪುಟ
ಕೊಂಬುಚಾಕ್ಕೆ ಮೂಲವೇ ಟೀ ಸೊಪ್ಪು ಮತ್ತು ಸಕ್ಕರೆ. ಹುದುಗಿದ ಮೇಲೂ ಎರಡೂ ಸ್ವಲ್ಪ ಉಳಿದಿರುತ್ತವೆ. ಇವರ ಮನೆಗೆ ಬೇಡ. ಹಾಗೇ ಗ್ರೀನ್ ಟೀ, ಐಸ್ ಟೀ, ಚಾಕೊಲೇಟ್ ಹಾಲು, ಇವುಗಳಲ್ಲೂ ಕೆಫೀನ್ ಇದೆ. ಡಿಕ್ಯಾಫ್ ಕಾಫಿಯಲ್ಲೂ ಸ್ವಲ್ಪ ಇರುತ್ತದೆ.

ಕೋಲಾ ಲೆಕ್ಕವನ್ನೂ ಹೇಳಿಬಿಡುತ್ತೇನೆ. 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ, ಹತ್ತು ಮಿಲಿಗ್ರಾಂ ಆಸುಪಾಸು ಕೆಫೀನ್. 300 ಮಿಲಿ ಕುಡಿದರೆ 30 ಗ್ರಾಂ ಮೀರುತ್ತದೆ, ಏಳು ಟೀ ಚಮಚ ಹತ್ತಿರ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೆಫೀನ್ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಏಳಕ್ಕೆ ಕುಡಿದ ಹುಡುಗ ರಾತ್ರಿ ಹನ್ನೆರಡಕ್ಕೂ ಹೊರಳಾಡುತ್ತಿದ್ದರೆ ಆಶ್ಚರ್ಯವಿಲ್ಲ. ಎನರ್ಜಿ ಡ್ರಿಂಕ್ ಇದಕ್ಕಿಂತ ಹೆಚ್ಚು, 250 ಮಿಲಿಯಲ್ಲೇ 75 ಮಿಲಿಗ್ರಾಂ ಹತ್ತಿರ.

ಐಟಿ ಹೈದ
ಶುಗರ್ ಫ್ರೀ ಕೋಲಾ ಕೊಡಿಸಿಬಿಡಿ ಮೇಡಂ, ಅರ್ಧ ಸಮಸ್ಯೆ ಹೋಯ್ತು.

ನಾಲ್ಕನೇ ಮಹಡಿ
ಅದರಲ್ಲೂ ಕೆಫೀನ್ ಇದೆಯಲ್ಲ. ನನಗೆ ಅವನ ನಿದ್ದೆಯದೇ ಚಿಂತೆ.

ಹೇಮಾವತಿ ದಂಡೆ
ಆ ಕೃತಕ ಸಿಹಿಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಪಥ್ಯದ ಪುಟ
ಬರುತ್ತೆ ಅಂತ ಹೇಳಿಲ್ಲ. 2023ರಲ್ಲಿ ಎರಡು ಮಾತು ಬಂದವು, ಎರಡನ್ನೂ ಜನ ಕಲಸಿಬಿಟ್ಟಿದ್ದಾರೆ. ಮೇ ತಿಂಗಳಲ್ಲಿ, ತೂಕ ಇಳಿಸಲು ಅಂತ ಇಂಥ ಸಿಹಿಗಳನ್ನು ಬಳಸಬೇಡಿ ಅಂತ ಸಲಹೆ ಕೊಟ್ಟರು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸಲ್ಲ ಅಂತಲೂ ಅದರಲ್ಲೇ ಇದೆ. ಜುಲೈಯಲ್ಲಿ ಆಸ್ಪರ್ಟೇಮ್ ಅನ್ನುವ ಒಂದು ಕೃತಕ ಸಿಹಿಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯ 2ಬಿ ಗುಂಪಿಗೆ ಸೇರಿಸಿದರು, ಅಂದರೆ ಪುರಾವೆ ಅಷ್ಟು ಗಟ್ಟಿಯಿಲ್ಲ. ದಿನಕ್ಕೆ ಒಂದು ಕಿಲೋ ತೂಕಕ್ಕೆ 40 ಮಿಲಿಗ್ರಾಂ ಅನ್ನುವ ಹಳೆಯ ಮಿತಿಯನ್ನು ಬದಲಿಸಲಿಲ್ಲ.

ನನ್ನ ಆಕ್ಷೇಪ ಬೇರೆ. ದಿನಾ ಸಿಹಿ ನೀರು ಕುಡಿದರೆ ನಾಲಿಗೆ ಸಿಹಿಯನ್ನೇ ಕೇಳುತ್ತಿರುತ್ತದೆ. ಹುಳಿ, ಉಪ್ಪು, ಖಾರ, ಗ್ಯಾಸ್ ಕಡೆ ತಿರುಗಿಸಿದರೆ ಕೆಲವು ವಾರದಲ್ಲಿ ಆ ಆಸೆಯೇ ಇಳಿಯುತ್ತದೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಇದನ್ನು ನೋಡುತ್ತಿದ್ದೇನೆ. ಹುಡುಗನಿಗೆ ಒಮ್ಮೆಲೇ ನಿಲ್ಲಿಸಬೇಡಿ. ದಿನಾ ಕೆಫೀನ್ ಕುಡಿಯುವವರು ಪಟ್ಟನೆ ಬಿಟ್ಟರೆ ತಲೆನೋವು, ಕಿರಿಕಿರಿ ಬರುತ್ತದೆ. ಲೋಟ ಚಿಕ್ಕದು ಮಾಡುತ್ತಾ ಬನ್ನಿ.

ಮೇಷ್ಟ್ರು
ಶಾಲೆಯ ಗೇಟಿನ ಎದುರೇ ಮಾರುತ್ತಾರೆ, ಮನೆಯಲ್ಲಿ ನಾವು ಏನು ಮಾಡಿದರೆ ಏನು? ಶಾಲೆಯ ಒಳಗೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಪೋಷಕರ ಸಭೆಯಲ್ಲಿ ಇದನ್ನು ಕೇಳಿ. ಯಾರೂ ಕೇಳದ ಕಾರಣಕ್ಕೇ ನಿಯಮ ಕಾಗದದಲ್ಲಿ ಉಳಿದಿದೆ.

ನಾಲ್ಕನೇ ಮಹಡಿ
ಮೇಷ್ಟ್ರೇ, ಈ ನಿಯಮ ನನಗೆ ಗೊತ್ತೇ ಇರಲಿಲ್ಲ. ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

ನಿನ್ನೆ ಕಡಲ ಬದಿ ಅವರ ಪುನರ್ಪುಳಿ ಸೋಡಾ ಮಾಡಿದೆ. ಮಗ ಪೂರ್ತಿ ಕುಡಿದ. ಜೀರಿಗೆ ಬೇಡ, ಹಸಿಮೆಣಸು ಇನ್ನೊಂದು ಹಾಕು ಅಂದ! ಮಾವನವರಿಗೆ ಅಪ್ಪೆಹುಳಿ ಹಿಡಿಸಿತು. ಆದರೆ ಅವರಿಗೆ ಬಿ.ಪಿ. ಮಾತ್ರೆಯೂ ಇದೆ. ನೀವೆಲ್ಲಾ ಹೇಳಿದ್ದರಲ್ಲಿ ಉಪ್ಪು ಇದ್ದೇ ಇದೆ. ಏನು ಮಾಡಲಿ?

ದುಡ್ಡು ಉಳಿಸಿ
ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಹಾಕಿ.

ಪಥ್ಯದ ಪುಟ
ಡಾಕ್ಟರನ್ನು ಕೇಳದೆ ಬೇಡ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಏರಿದರೆ ಎದೆಬಡಿತಕ್ಕೇ ಅಪಾಯ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ, ಸ್ವಲ್ಪ ಸಕ್ಕರೆಯೂ ಇದೆ. ಹಾಗಾಗಿ ಅದನ್ನೂ ಕೇಳಿಯೇ ಕೊಡಿ.

ಉಪ್ಪನ್ನೇ ಕಡಿಮೆ ಮಾಡಿ. ಹುಳಿ, ಶುಂಠಿ, ಇಂಗು, ಕರಿಬೇವು ಜಾಸ್ತಿ ಮಾಡಿದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗಲ್ಲ. ಅಪ್ಪೆಹುಳಿಯ ಐಸ್ ಟ್ರೇಗೆ ಉಪ್ಪು ಹಾಕದೆ ಇಟ್ಟರೆ ಅವರ ಲೋಟಕ್ಕೆ ಬೇಕಾದಷ್ಟೇ ಹಾಕಬಹುದು. ಉಪ್ಪು ಬೇಡವೇ ಬೇಡ ಅನ್ನುವ ಪಾನೀಯಗಳೂ ಇವೆ, ಯಾರಾದರೂ ಹೇಳಿ.

ಇನ್ನೊಂದು ಮುಖ್ಯ ವಿಷಯ. ಮನೆಯಿಂದ ಸಕ್ಕರೆಯನ್ನು ಪೂರ್ತಿ ಓಡಿಸಬೇಡಿ. ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ ಬಂದು ಶುಗರ್ 70ಕ್ಕಿಂತ ಇಳಿದರೆ ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ ನೀರಿಗೆ ಹಾಕಿ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗ ಪುನರ್ಪುಳಿ, ಮಜ್ಜಿಗೆ ಕೆಲಸಕ್ಕೆ ಬರಲ್ಲ.

ಹಿತ್ತಲ ಗಿಡ
ಉಪ್ಪಿಲ್ಲದ್ದು ಅಂದರೆ ಲಾವಂಚದ ನೀರು. ಬೇರನ್ನು ಮಣ್ಣು ಹೋಗುವ ತನಕ ತಿಕ್ಕಿ ತೊಳೆದು, ದಾರದಲ್ಲಿ ಕಟ್ಟಿ, ಮಣ್ಣಿನ ಮಡಕೆಯ ಕುಡಿಯುವ ನೀರಿಗೆ ರಾತ್ರಿ ಹಾಕಿ. ಬೆಳಿಗ್ಗೆ ಮಳೆ ಬಿದ್ದ ಮಣ್ಣಿನ ಪರಿಮಳ. ನೀರು ದಿನಾ ಬದಲಿಸಿ, ಬೇರನ್ನು ಆಗಾಗ ಬಿಸಿಲಲ್ಲಿ ಒಣಗಿಸಿದರೆ ಕೆಲವು ದಿನ ಬರುತ್ತೆ. ಸೊಗದೆ ಬೇರೂ ಹೀಗೇ, ಆದರೆ ಅಂಗಡಿಯ ನನ್ನಾರಿ ಶರಬತ್ತು ಬೇಡ, ಅದು ಸಕ್ಕರೆ ಪಾಕ.

ಕೊತ್ತಂಬರಿ ಬೀಜ, ಜೀರಿಗೆ ಜಜ್ಜಿ ಕುದಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟರೂ ಚೆನ್ನಾಗಿರುತ್ತೆ. ಕಾಫಿ ಬಿಟ್ಟವರಿಗೆ ಬೆಳಿಗ್ಗೆ ಬಿಸಿ, ಮಧ್ಯಾಹ್ನ ಅದೇ ತಣ್ಣಗೆ. ನೆನೆದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಬಾಯಿಗೆ ಏನೋ ಸಿಗುತ್ತೆ. ಬೀಜ ಪೂರ್ತಿ ಉಬ್ಬಿರಬೇಕು, ಒಣಗಿದ್ದು ನುಂಗಬಾರದು.

ದುಬೈ ದೋಸೆ
ಇಲ್ಲಿ ಮೊಸರು ಕಡೆಯುವ ಪುರುಸೊತ್ತು ಇಲ್ಲದವರಿಗೆ ಅಂಗಡಿಯ ಲಬನ್ ಇದೆ, ಅರಬ್ಬರ ಮಜ್ಜಿಗೆ. ಸಿಹಿ ಇಲ್ಲದ್ದು ನೋಡಿ ತನ್ನಿ, ಎರಡು ಪಟ್ಟು ನೀರು ಬೆರೆಸಿ, ಜಜ್ಜಿದ ಶುಂಠಿ, ಕರಿಬೇವು. ಊರಿನ ಮಜ್ಜಿಗೆಗೆ ತೀರಾ ಹತ್ತಿರ. ಕೆಲವದರಲ್ಲಿ ಉಪ್ಪು ಮೊದಲೇ ಇರುತ್ತೆ.

ಹಲ್ಲು ನೋವು
ಹುಳಿ ಸೋಡಾ ದಿನಾ ಕುಡಿದರೆ ಹಲ್ಲಿಗೆ ಏನೂ ಆಗಲ್ವಾ? ಯಾರೂ ಹೇಳಲಿಲ್ಲ.

ಪಥ್ಯದ ಪುಟ
ಒಳ್ಳೆಯ ಪ್ರಶ್ನೆ. ಬರೀ ಸೋಡಾ ಸ್ವಲ್ಪ ಮಾತ್ರ ಆಮ್ಲ. ನಿಂಬೆ, ಪುನರ್ಪುಳಿ ಸೇರಿದರೆ ಜಾಸ್ತಿ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಹೀರುತ್ತಾ ಕೂರಬಾರದು. ಊಟದ ಜೊತೆ ಕುಡಿದು ಮುಗಿಸಿ, ಮೇಲೆ ಬಾಯಿ ಮುಕ್ಕಳಿಸಿ. ಕುಡಿದ ತಕ್ಷಣ ಬ್ರಷ್ ಮಾಡಬೇಡಿ, ಅರ್ಧ ಗಂಟೆಯಾದರೂ ಬಿಡಿ.

ನಾಲ್ಕನೇ ಮಹಡಿ
ಕಡೆಯದೊಂದು. ಪುನರ್ಪುಳಿ ರಸ ಒಂದೇ ಸಲ ಜಾಸ್ತಿ ಮಾಡಿಟ್ಟರೆ ಎಷ್ಟು ದಿನ ಬರುತ್ತೆ?

ಕಡಲ ಬದಿ
ಫ್ರಿಜ್ಜಿನಲ್ಲಿ ಗಾಜಿನ ಬಾಟಲಿಯಲ್ಲಿ ಎರಡು ಮೂರು ದಿನ ಧೈರ್ಯವಾಗಿ ಇಡಬಹುದು. ಸಕ್ಕರೆ ಇಲ್ಲದ ಕಾರಣ ಸಿರಪ್ಪಿನ ಹಾಗೆ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಹಸಿಮೆಣಸು ಬಾಟಲಿಗೆ ಹಾಕಬೇಡಿ, ಲೋಟಕ್ಕೆ ಹಾಕಿ. ಜಾಸ್ತಿ ಬೇಕಾದರೆ ಐಸ್ ಟ್ರೇ. ನೆನೆಸಿದ ಸಿಪ್ಪೆಯನ್ನು ಎಸೆಯಬೇಡಿ ಅಕ್ಕಾ, ಅದಕ್ಕೆ ಇನ್ನೊಂದು ಲೋಟ ನೀರು ಹಾಕಿ ಕುದಿಸಿದರೆ ರಾತ್ರಿಯ ಸಾರಿಗೆ ಆಗುತ್ತದೆ.

ತುಂಗಾತೀರ
ಸಾರಿಗೆ ಬೆಳ್ಳುಳ್ಳಿ ಒಗ್ಗರಣೆಯೋ ಇಂಗಿನದೋ?

ಕಡಲ ಬದಿ
ನಮ್ಮಲ್ಲಿ ಬೆಳ್ಳುಳ್ಳಿ, ತೆಂಗಿನೆಣ್ಣೆಯಲ್ಲಿ.